ಸೂಜಿತೂತಿನಲ್ಲಿ ಸಿಕ್ಕ ಸೂರ್ಯ

ನಮಗೆ ಖಗೋಳ ಭೌತಶಾಸ್ತ್ರದ ಮೊದಲ ಪಾಠ ಹೇಳಿದ ಮೇಷ್ಟ್ರು ತೀರಿಕೊಂಡರು. ಆ ಸೆಮಿಸ್ಟರಿನ ಪಠ್ಯದಲ್ಲಿ ಏನೇನಿತ್ತೆಂದು ಕೇಳಿದರೆ ಈಗ ಹೇಳಲಾರೆ. ಅವರು ನಮ್ಮ ಕೈಯಿಂದ ಸೂರ್ಯನ ಉಷ್ಣಾಂಶ ಅಳೆಸಿದ ಬೆಳಗ್ಗೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ರಟ್ಟಿನಲ್ಲೊಂದು ಸೂಜಿತೂತು, ಎರಡು ಮೀಟರ್ ಆಚೆ ಬಿಳಿ ಹಾಳೆ. ಹಾಳೆಯ ಮೇಲೆ ಬಿದ್ದ ಸೂರ್ಯಬಿಂಬದ ಎರಡೂ ಅಂಚಿಗೆ ಪೆನ್ಸಿಲ್ ಗುರುತು ಹಾಕಿ ಅಳೆದರೆ ಹತ್ತಿರ ಹತ್ತಿರ 19 ಮಿಲಿಮೀಟರ್. ಬಿಂಬದ ಅಗಲಕ್ಕೂ ತೂತಿನಿಂದ ಹಾಳೆಗಿರುವ ದೂರಕ್ಕೂ ಯಾವ ಅನುಪಾತವೋ, ಸೂರ್ಯನ ವ್ಯಾಸಕ್ಕೂ ಅವನು ನಮ್ಮಿಂದಿರುವ ದೂರಕ್ಕೂ ಅದೇ ಅನುಪಾತ. ವಾತಾವರಣದ ಹೊರಗೆ ಚದರ ಮೀಟರಿಗೆ ಸುಮಾರು 1,360 ವ್ಯಾಟ್ ಬಿಸಿಲು ಬೀಳುತ್ತದೆ ಎಂಬ ಅಂಕಿಯನ್ನಷ್ಟೇ ಅವರು ಕೊಟ್ಟರು. ಉಳಿದದ್ದು ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮ: ಬಿಸಿಯಾದ ಮೈ ಸೂಸುವ ಶಕ್ತಿ ಅದರ ಉಷ್ಣಾಂಶದ ನಾಲ್ಕನೇ ಘಾತದಂತೆ ಏರುತ್ತದೆ. ಬೋರ್ಡಿನ ಮೇಲೆ ಲೆಕ್ಕ ಮುಗಿಸಿದವನು ನಾನು. ಕೊನೆಗೆ ಎರಡು ಸಲ ವರ್ಗಮೂಲ ತೆಗೆದಾಗ 5,700 ಕೆಲ್ವಿನ್ ಬಂತು, ಪುಸ್ತಕದಲ್ಲಿರುವುದು 5,772. ಆ ಹೆಮ್ಮೆ ಇಂದಿಗೂ ಇಳಿದಿಲ್ಲ. "ಬಿಂಬ ಅಳೆಯುವಾಗ ನೂರಕ್ಕೆ ಎರಡು ತಪ್ಪಿದರೂ ಉಷ್ಣಾಂಶದಲ್ಲಿ ಒಂದೇ ತಪ್ಪುತ್ತೆ, ಯಾಕೆ ಹೇಳಿ?" ಎಂದು ಅವರು ಕೇಳಿದ ಪ್ರಶ್ನೆಯ ಮೇಲೆ ಇಡೀ ಗಂಟೆ ಕಳೆಯಿತು.

ಇನ್ನು ತಾರಸಿಯ ಕಥೆ. ಹಾಸ್ಟೆಲಿನ ದೀಪಗಳ ಬೆಳಕಿಗೆ ಕೃತ್ತಿಕೆಯಲ್ಲಿ ಐದೇ ನಕ್ಷತ್ರ ಕಾಣುತ್ತಿದ್ದವು. ಒಂದು ರಾತ್ರಿ ನಾವು ಹೋಗಿ ಫ್ಯೂಸ್ ಕಿತ್ತುಬಿಟ್ಟೆವು. ಕೆಳಗೆ ಗಲಾಟೆಯೋ ಗಲಾಟೆ. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಯಾರು ಕಿತ್ತಿದ್ದು ಅಂತ ಕೇಳಲೇ ಇಲ್ಲ. "ಈಗ ಎಷ್ಟು ಕಾಣ್ತವೆ?" ಅಂದರು. ಏಳು ಅಂದೆವು. ಏಳನೆಯದರ ಮ್ಯಾಗ್ನಿಟ್ಯೂಡ್, ಅಂದರೆ ನಕ್ಷತ್ರ ಮಂಕಾದಷ್ಟೂ ಏರುವ ಕಾಂತಿಯ ಅಂಕಿ, ಹುಡುಕಿ ತರಲು ಹೇಳಿದರು. ಹೆಚ್ಚು ಕಡಿಮೆ ಒಂದು ಮ್ಯಾಗ್ನಿಟ್ಯೂಡ್ ಗಳಿಸಿದ್ದೆವು, ಅಂದರೆ ಎರಡೂವರೆ ಪಟ್ಟು ಮಂಕಾದ ನಕ್ಷತ್ರವೂ ಕಣ್ಣಿಗೆ ಸಿಕ್ಕಿತ್ತು. ಲೆಕ್ಕ ಒಪ್ಪಿಸಿದ ಮೇಲೆ ಫ್ಯೂಸನ್ನು ನಮ್ಮಿಂದಲೇ ಹಾಕಿಸಿದರು.

ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು ಓದುವುದು, ಕಲಿಸಿದ ಮೇಡಮ್ಮನ್ನೂ ಮರೆಯಲಾರೆ. ನಮ್ಮ ಭೌತವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ ಅಯಾನೀಕರಣ ಸಮೀಕರಣವನ್ನು (ಯಾವ ಬಿಸಿಗೆ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆಂಬ ಲೆಕ್ಕ) ಹಿಡಿದು, 1925ರ ತಮ್ಮ ಪ್ರಬಂಧದಲ್ಲಿ ಖಗೋಳ ವಿಜ್ಞಾನಿ ಸೆಸಿಲಿಯಾ ಪೇನ್ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತಿ ಹೆಚ್ಚೆಂಬ ಅಂಕಿಗೆ ಬಂದದ್ದು, ಹಿರಿಯ ವಿಜ್ಞಾನಿಗಳ ಮಾತಿಗೆ ಕಟ್ಟುಬಿದ್ದು ಅದು ನಿಜವಿರಲಾರದೆಂದು ತಾವೇ ಬರೆದದ್ದು, ಆಮೇಲೆ ಆ ಅಂಕಿಯೇ ಸರಿಯೆಂದು ಒಪ್ಪಿಗೆಯಾದದ್ದು: ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಗುತ್ತಿತ್ತು.

ಇಂದಿನ ಮಕ್ಕಳು 2019ರಲ್ಲಿ ಬಂದ ಕಪ್ಪುಕುಳಿಯ ಚಿತ್ರ ನೋಡಿ ಬೆಳೆದವರು. ಅವರಿಗೆ ಗೊತ್ತಿರುವುದು ನಮಗಿಂತ ಎಷ್ಟೋ ಹೆಚ್ಚು. ಆದರೆ ಸೂರ್ಯನ ಉಷ್ಣಾಂಶ ಅವರಿಗೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಹಾಕುವ ಗುರುತಾಗಿದೆ. ಅದು ಗೊತ್ತಾದದ್ದು ಹೇಗೆಂದು ಯಾರೂ ಕೇಳುವುದಿಲ್ಲ. ನಾನು ಪಾಠ ಮಾಡುವ ತರಗತಿಗಳಲ್ಲಿ ಮೊದಲ ದಿನ ರಟ್ಟು, ಸೂಜಿ ಹಿಡಿದೇ ಹೋಗುತ್ತೇನೆ. ನಮ್ಮ ವಿಭಾಗದವರಲ್ಲಿ ನನ್ನ ಬೇಡಿಕೆ ಒಂದೇ: ತಾರಸಿಯ ಬೀಗದ ಕೈ ಮತ್ತೆ ವಿದ್ಯಾರ್ಥಿಗಳ ಕೈಗೆ ಕೊಡಿ, ದೀಪ ಆರಿಸಲು ವಾರಕ್ಕೊಂದು ರಾತ್ರಿ ನೀವೇ ಗೊತ್ತು ಮಾಡಿ.