ಕಿಟ್ಟೆಲರ ಹೆಂಡತಿ ಮಕ್ಕಳು ಎಲ್ಲಿದ್ದರು?

ನನ್ನ ಮನೆ ಮಂಗಳೂರಿನ ಬಲ್ಮಠದ ಹತ್ತಿರ. ಊರು ನೋಡಲು ಬಂದ ನೆಂಟರು, ಕಾಲೇಜು ಮಕ್ಕಳು, ಒಮ್ಮೊಮ್ಮೆ ಗುರುತು ಪರಿಚಯ ಇಲ್ಲದವರೂ "ಬಾಸೆಲ್ ಮಿಷನ್ನಿನ ಹಳೇ ಜಾಗಗಳನ್ನು ಸ್ವಲ್ಪ ತೋರಿಸಿ" ಅಂತ ಕೇಳುತ್ತಾರೆ. ಯುರೋಪಿನಿಂದ ಇಲ್ಲಿಗೆ ಕ್ರೈಸ್ತ ಮಿಷನರಿಗಳನ್ನು ಕಳಿಸುತ್ತಿದ್ದ ಸಂಸ್ಥೆ ಅದು. ಶಾಂತಿ ಕೆಥೆಡ್ರಲ್, ಥಿಯಾಲಜಿಕಲ್ ಕಾಲೇಜು, 1843ರ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', ಜೆಪ್ಪುವಿನ ಹಂಚಿನ ಕಾರ್ಖಾನೆ, ಮಿಷನರಿ ಕಿಟ್ಟೆಲರ ಕನ್ನಡ ನಿಘಂಟು ಅಂತ ನಾನು ಹೇಳುತ್ತಾ ಹೋಗುತ್ತೇನೆ. ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬರು, ಜಾಸ್ತಿಯಾಗಿ ಹೆಂಗಸರೇ, ಕೇಳುತ್ತಾರೆ: "ಅದೆಲ್ಲ ಸರಿ ಮೇಡಂ, ಇವರ ಹೆಂಡತಿ ಮಕ್ಕಳು ಎಲ್ಲಿದ್ದರು?"

ಚಿಕ್ಕ ಉತ್ತರ ಇಷ್ಟೇ. ಹೆಂಡತಿಯರು ಇಲ್ಲೇ ಇದ್ದರು, ಬೆಳಗಿನಿಂದ ರಾತ್ರಿ ತನಕ ದುಡಿಯುತ್ತಿದ್ದರು. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬರುವಾಗ ಇಲ್ಲಿ ಇರುತ್ತಿರಲಿಲ್ಲ.

ಉದ್ದ ಉತ್ತರ ಹೇಳಬೇಕಾದರೆ ಮದುವೆಯಿಂದ ಶುರು ಮಾಡಬೇಕು. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರು ಹೆಬಿಕ್, ಲೇನರ್ ಮತ್ತು ಗ್ರೈನರ್. ಮೂವರೂ ಮದುವೆಯಾಗದೆ ಬಂದವರು. ಹೆಬಿಕ್ ಅಂತೂ ಕೊನೆತನಕ ಮದುವೆಯಾಗಲಿಲ್ಲ. ಉಳಿದವರಿಗೆ ಮದುವೆಯ ಆಸೆ ಇದ್ದರೂ ಅದು ಅವರ ಕೈಯಲ್ಲಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕೂತ ಕಮಿಟಿಯ ಒಪ್ಪಿಗೆ ಬೇಕಿತ್ತು. ಹೊಸದಾಗಿ ಬಂದವನು ಮೊದಲು ಎರಡು ವರ್ಷ ಇಲ್ಲಿ ದುಡಿದು ತೋರಿಸಬೇಕು, ಆಮೇಲೆ ಕಾಗದ ಬರೆದು ಅನುಮತಿ ಕೇಳಬೇಕು. ಎಷ್ಟೋ ಸಲ ಹುಡುಗಿಯನ್ನು ಹುಡುಕುತ್ತಿದ್ದದ್ದೂ ಕಮಿಟಿಯೇ. ದೈವಭಕ್ತಿ ಇರುವ ಮನೆಯವಳಾ, ಆರೋಗ್ಯ ಹೇಗಿದೆ, ಕಷ್ಟಕ್ಕೆ ಹೆದರುತ್ತಾಳಾ ಅಂತ ವಿಚಾರಿಸುತ್ತಿದ್ದರು. ಹುಡುಗಿ ಒಪ್ಪಿದರೆ ಹಡಗು ಹತ್ತುವುದೇ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾ ಸುತ್ತಿ ಬಂದರೆ ತಿಂಗಳುಗಟ್ಟಲೆ ನೀರ ಮೇಲೆಯೇ. ಇಲ್ಲಿಗೆ ಬಂದು ಇಳಿದರೆ, ಎಷ್ಟೋ ಹುಡುಗಿಯರಿಗೆ ಕಾಗದದಲ್ಲಿ ಮಾತ್ರ ಗೊತ್ತಿದ್ದ ಗಂಡಿನ ಜೊತೆ ಮದುವೆ.

ಈ ಮದುವೆಗಳಲ್ಲಿ ಒಂದನ್ನು ನಾನು ಯಾವಾಗಲೂ ಬಿಡದೆ ಹೇಳುತ್ತೇನೆ. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ ಕ್ರೈಸ್ತನಾದ. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸು ಬಂದ. ಮೊದಲ ಹೆಂಡತಿ ಲಕ್ಷ್ಮಿ ತೀರಿಕೊಂಡ ಮೇಲೆ, 1860ರಲ್ಲಿ, ಅವನು ಮದುವೆಯಾದದ್ದು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬ ಹೆಣ್ಣನ್ನು! ಆ ಕಾಲದಲ್ಲಿ ಬಿಳಿ ಹೆಂಗಸೊಬ್ಬಳು ನಮ್ಮ ಊರಿನ ಗಂಡಿಗೆ ಹೆಂಡತಿಯಾಗಿ ಸಂಸಾರ ಮಾಡಿದಳು ಅಂದರೆ ಕೇಳಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಇಲ್ಲಿ ಜಾತಿಯವರಿಗೂ ಅಲ್ಲಿ ಯುರೋಪಿಯನ್ನರಿಗೂ ನುಂಗಲು ಕಷ್ಟವಾಗಿರಬೇಕು. ನನ್ನ ಲೆಕ್ಕದಲ್ಲಿ ಮಂಗಳೂರಿನ ಮಿಷನ್ ಇತಿಹಾಸದ ಅತಿ ಧೈರ್ಯದ ವ್ಯಕ್ತಿ ಈ ಮರೀ. ಅವಳ ಹೆಸರು ಹೇಳುವವರು ಕಡಿಮೆ.

ಮದುವೆಯಾದ ಮೇಲೆ ದಿನಚರಿ ಏನು? ಮಿಷನರಿ ಅಂದರೆ ದೀಪದ ಬೆಳಕಿನಲ್ಲಿ ತಾಳೆಗರಿ ಓದುವ ಗಡ್ಡದ ದೊರೆ ಅಂತ ನಮ್ಮ ಕಲ್ಪನೆ. ಅವನ ಮನೆ ನಡೆಯುತ್ತಿದ್ದದ್ದು ಹೆಂಡತಿಯಿಂದ. ಅದು ಬರೀ ಗಂಡ ಹೆಂಡತಿಯ ಮನೆಯೂ ಅಲ್ಲ. ಬೋರ್ಡಿಂಗಿನ ಹೆಣ್ಣುಮಕ್ಕಳು, ಅನಾಥ ಮಕ್ಕಳು, ಮನೆಯಿಂದ ಹೊರಗೆ ಹಾಕಿಸಿಕೊಂಡು ಬಂದ ಹೊಸ ಕ್ರೈಸ್ತರು, ಬೇರೆ ಊರಿನಿಂದ ಜ್ವರ ಹಿಡಿದು ಬಂದ ಇನ್ನೊಬ್ಬ ಮಿಷನರಿ ಎಲ್ಲರಿಗೂ ಅದೇ ಸೂರು. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಅಕ್ಕಿ ಅಳೆದು ಕೊಡುವುದು, ಹುಡುಗಿಯರಿಗೆ ಓದು, ಹೊಲಿಗೆ. ಕಾಯಿಲೆಯವರಿಗೆ ಮದ್ದು. ಗಂಡಸರಿಗೆ ಪ್ರವೇಶ ಇಲ್ಲದ ಮನೆಗಳ ಒಳಗೆ ಹೋಗಿ ಹೆಂಗಸರ ಜೊತೆ ಮಾತು. ಇದಕ್ಕೆಲ್ಲ ಭಾಷೆ ಬೇಕಲ್ವಾ? ಸಭೆಗೆ ಕನ್ನಡ, ಬೀದಿಗೆ ತುಳು. ಗಂಡನಿಗೆ ಭಾಷೆ ಕಲಿಯಲು ಮುನ್ಶಿ ಇದ್ದ. ಇವಳು ಅಡುಗೆಮನೆಯಲ್ಲೇ ಜಾಸ್ತಿ ಕಲಿತಿರಬೇಕು ಅಂತ ನನ್ನ ಊಹೆ. ಈ ಕೆಲಸಕ್ಕೆ ಪ್ರತ್ಯೇಕ ಸಂಬಳ ಇರಲಿಲ್ಲ. ಮಿಷನರಿಯ ಹೆಂಡತಿ ಅಂದರೆ ಅದೆಲ್ಲ ಬಂದೇ ಬರುತ್ತದೆ ಅಂತ ಲೆಕ್ಕ.

ಅದಕ್ಕೇ ಒಬ್ಬರು ಸತ್ತರೆ ಇನ್ನೊಂದು ಮದುವೆ ಬೇಗ ನಡೆಯುತ್ತಿತ್ತು. ಕಿಟ್ಟೆಲ್ 1860ರಲ್ಲಿ ಪೌಲೀನ್ ಐತ್ ಅವರನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಟ್ಟಿಕೊಂಡರು. ಬೈಬಲ್ ಅನುವಾದದಲ್ಲಿ ದುಡಿದ ವೈಗ್ಲೆ 1855ರಲ್ಲಿ ತೀರಿಹೋದಾಗ ಹೆಂಡತಿಗೆ ನಾಲ್ಕು ಗಂಡುಮಕ್ಕಳು. ಆಮೇಲೆ ಆಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗರನ್ನು ಮದುವೆಯಾದರು. ನಿಘಂಟು ಅಚ್ಚಾದದ್ದು 1894ರಲ್ಲಿ, ಕಿಟ್ಟೆಲ್ ಮೊದಲು ಇಲ್ಲಿಗೆ ಬಂದು ನಲವತ್ತೊಂದು ವರ್ಷಕ್ಕೆ. ಅಷ್ಟು ವರ್ಷ ಆ ಮನುಷ್ಯನ ಊಟ, ಬಟ್ಟೆ, ಕಾಯಿಲೆ ನೋಡಿಕೊಂಡವರು ಯಾರು ಅಂತ ನಿಘಂಟು ತೆರೆದಾಗೆಲ್ಲ ನನಗೆ ನೆನಪಾಗುತ್ತದೆ.

ಇನ್ನು ಮಕ್ಕಳ ವಿಷಯ. ಇಲ್ಲಿ ನನಗೆ ಕೋಪ ಬರುತ್ತದೆ.

1853ರಲ್ಲಿ, ಅಂದರೆ ಕಿಟ್ಟೆಲ್ ಇಲ್ಲಿಗೆ ಬಂದ ವರ್ಷವೇ, ಕಮಿಟಿ ಒಂದು ನಿಯಮ ಮಾಡಿತು. ಮಿಷನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಬೇಕು. ಅವರಿಗಾಗಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆ ತೆರೆದರು. ಕಾರಣಗಳೂ ಇದ್ದವು. ಕಾಲರಾ, ಆಮಶಂಕೆಗೆ ಇಲ್ಲಿ ಪುಟ್ಟ ಮಕ್ಕಳು ಸಾಯುತ್ತಿದ್ದದ್ದು ಸುಳ್ಳಲ್ಲ. ಜರ್ಮನ್ ಶಾಲೆ ಇಲ್ಲಿ ಇರಲಿಲ್ಲ. ಆದರೆ ಇನ್ನೂ ಎರಡು ಕಾರಣ ಇದ್ದವು. ಒಂದು, ಆಯಾಗಳ ಕೈಯಲ್ಲಿ ಬೆಳೆದ ಮಕ್ಕಳು ಇಲ್ಲಿಯ ಮಾತು, ಇಲ್ಲಿಯ ನಡತೆ ಕಲಿತುಬಿಡುತ್ತಾರೆ ಅಂತ ಹೆದರಿಕೆ. ಇನ್ನೊಂದು, ಮಕ್ಕಳಿಲ್ಲದಿದ್ದರೆ ತಾಯಿಯ ಕೈ ಮಿಷನ್ ಕೆಲಸಕ್ಕೆ ಖಾಲಿ. ಹೊರಗೆ ಬೇರೆಯವರ ಮಕ್ಕಳನ್ನು ಎದೆಗೆ ಹಚ್ಚಿಕೊಂಡ ಹೆಂಗಸು ತನ್ನ ಮಗುವನ್ನು ಯಾರದೋ ಜೊತೆಗೆ ಹಡಗಿಗೆ ಹತ್ತಿಸಬೇಕಿತ್ತು. ಮತ್ತೆ ನೋಡುವುದು ರಜೆಗೆ ಊರಿಗೆ ಹೋದಾಗ. ಆ ರಜೆ ಎಷ್ಟೋ ವರ್ಷಕ್ಕೊಮ್ಮೆ.

ನಿಯಮ ಬರುವ ಮುಂಚೆಯೂ ಇದು ನಡೆಯುತ್ತಿತ್ತು. ಮಲಯಾಳಂ ನಿಘಂಟಿನ ಗುಂಡರ್ಟ್ ಮಂಗಳೂರಿನಲ್ಲೂ ಇದ್ದವರು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಅವರ ಮಗಳ ಹೆಸರೂ ಮರೀ. ಅವಳನ್ನು ಪುಟ್ಟ ಹುಡುಗಿಯಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟು ಬಂದರು. ಹದಿಹರೆಯದಲ್ಲಿ ಅವಳು ಮತ್ತೆ ಭಾರತಕ್ಕೆ ಬರುವಾಗ ಅಪ್ಪ ಅಮ್ಮನನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿತ್ತು. ನೊಬೆಲ್ ಪಡೆದ ಲೇಖಕ ಹೆರ್ಮನ್ ಹೆಸ್ಸೆ ಇವಳ ಮಗ. ಸಣ್ಣ ಹೆಸ್ಸೆಯನ್ನೂ ಸ್ವಲ್ಪ ಕಾಲ ಬಾಸೆಲಿನ ಮಿಷನ್ನಿನ ಹುಡುಗರ ಮನೆಗೆ ಸೇರಿಸಿದ್ದರು. ಆಗ ಅಪ್ಪ ಅಮ್ಮ ಇದ್ದದ್ದು ಅದೇ ಊರಿನಲ್ಲಿ!

ಇಷ್ಟು ಹೇಳಿದಾಗ ಒಬ್ಬರಲ್ಲ ಒಬ್ಬರು ನನಗೆ ಎದುರು ಹೇಳುತ್ತಾರೆ. "ನಮ್ಮವರೂ ಮಕ್ಕಳನ್ನು ಅಜ್ಜಿಮನೆಯಲ್ಲಿ ಬಿಟ್ಟು ದುಬೈ, ಮಸ್ಕತ್ತಿಗೆ ಹೋಗಿಲ್ವಾ?" ಹೋಗಿದ್ದಾರೆ. ಆ ಸಂಕಟ ನಮ್ಮ ಊರಿಗೆ ಹೊಸದಲ್ಲ. ಆದರೆ ಆ ಲೆಕ್ಕ ಮನೆಯವರೇ ಕೂತು ಮಾಡಿದ್ದು. ಇಲ್ಲಿ ಲೆಕ್ಕ ಮಾಡಿದ್ದು ಕಮಿಟಿ. ತಂದೆ ತಾಯಿ ಅದನ್ನು ದೇವರಿಗಾಗಿ ಮಾಡುವ ತ್ಯಾಗ ಅಂದುಕೊಂಡರು, ಅವರ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹಡಗು ಹತ್ತಿದ ಮಗುವನ್ನು ಯಾರೂ ಕೇಳಿರಲಿಲ್ಲ.

ದುಡ್ಡಿನ ಪ್ರಶ್ನೆಯೂ ಜೊತೆಗೆ ಬರುತ್ತದೆ. ಇವರೇನು ಶ್ರೀಮಂತರಾ? ಅಲ್ಲ. ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕಸುಬಿನವರ ಮಕ್ಕಳು. 1855ರಿಂದ ಬಾಸೆಲಿನವರು ಬಡ ಮನೆಗಳಿಂದಲೂ ವಾರವಾರ ಚಿಲ್ಲರೆ ಕಾಸು ಎತ್ತಿ ಮಿಷನ್ನಿಗೆ ಕಳಿಸುತ್ತಿದ್ದರು. ಹಾಗೆ ಬಂದ ದುಡ್ಡಿಗೆ ಪೈಸೆ ಪೈಸೆ ಲೆಕ್ಕ ಕೊಡಬೇಕಿತ್ತು.

1914ರ ಯುದ್ಧ ಬಂದಾಗ ಬ್ರಿಟಿಷರ ಕಣ್ಣಿಗೆ ಜರ್ಮನ್ ಮಿಷನರಿಗಳು ಶತ್ರುಗಳಾದರು. ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು. ಆಮೇಲೆ ಸಂಸಾರಗಳನ್ನು ಹಡಗಿನಲ್ಲಿ ವಾಪಸು ಕಳಿಸಿದರು. ಯುದ್ಧ ಮುಗಿದ ಮೇಲೆ, 1923ರಲ್ಲಿ, ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದವರು ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್. ಇವತ್ತಿಗೂ ಉಡುಪಿಯವರಿಗೆ ಅದು ಮಿಷನ್ ಆಸ್ಪತ್ರೆ. ಆಕೆ ಯಾರ ಹೆಂಡತಿಯಾಗಿಯೂ ಬಂದವರಲ್ಲ, ಡಾಕ್ಟರಾಗಿಯೇ ಬಂದವರು. ಆಸ್ಪತ್ರೆಯ ಮೇಲೆ ಹೆಸರು ಉಳಿಯಿತು ನೋಡಿ.

ಹೆಂಡತಿಯರದ್ದು ಉಳಿದಿರುವುದು ಕಾಗದಗಳಲ್ಲಿ. ಹಾಳೆಯ ಮೂಲೆ ಮೂಲೆಗೂ ಬರೆದ ಆ ಪತ್ರಗಳು ಜಾಸ್ತಿ ಅಲ್ಲೇ, ಯುರೋಪಿನಲ್ಲಿವೆ. ಹಳೆಯ ಜರ್ಮನ್ ಕೈಬರಹ ಈಗ ಅಲ್ಲಿಯವರಿಗೇ ಓದಲು ಬಾರದು. ಈಚೆಗೆ ಮಂಗಳೂರಿನಲ್ಲಿ ಜರ್ಮನ್ ಕ್ಲಾಸುಗಳಿಗೆ ಬರುವವರು ಬಹಳ, ಹೆಚ್ಚಿನವರು ಅಲ್ಲಿ ನರ್ಸಿಂಗ್ ಕೆಲಸಕ್ಕೆ ಹೊರಟವರು. ಅವರಲ್ಲಿ ಯಾರಾದರೂ ಒಬ್ಬರು ರಜೆಯ ದಿನ ಬಾಸೆಲಿಗೆ ಹೋಗಿ ಆ ಕೈಬರಹ ಕಲಿತರೆ, ಮುಂದಿನ ಸಲ ಈ ಪ್ರಶ್ನೆ ಬಂದಾಗ ನಾನು ಅವರ ಫೋನ್ ನಂಬರೇ ಕೊಟ್ಟುಬಿಡುತ್ತೇನೆ.