ಮೊನೊಂಗಹೇಲಾ ದಂಡೆಯ ಊದುಕುಲುಮೆ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬರುವ ನಮ್ಮವರು ತಪ್ಪದೆ ಹೋಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ. ನಾವೂ ಮೊದಲ ದಿನ ಅಲ್ಲಿಗೇ ಹೋಗಿ, ದರ್ಶನ ಮುಗಿಸಿ, ಪುಳಿಯೋಗರೆ ತಿಂದು ಬಂದೆವು. ಮರುದಿನ ಶನಿವಾರ. ಇಲ್ಲಿಗೆ ಹತ್ತಿರದಲ್ಲೇ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಒಂದು ಹಳೆಯ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) ಇದೆಯಂತೆ, ಅದನ್ನು ನೋಡಬೇಕು ಎಂದಾಗ ಮಗಳು ನಕ್ಕಳು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಸೈರನ್ ಕೇಳಿಯೇ ನಮ್ಮ ಮನೆಯಲ್ಲಿ ಅನ್ನಕ್ಕೆ ಎಸರಿಡುತ್ತಿದ್ದರು. ಇಷ್ಟು ದೂರ ಬಂದು ಮತ್ತೆ ಕುಲುಮೆಯೇ ಏಕೆ ಎಂಬ ಅವಳ ಪ್ರಶ್ನೆಗೆ ಅದೇ ಉತ್ತರವೂ ಆಗಿತ್ತು.

ಕ್ಯಾರಿ ಕುಲುಮೆಗಳು ಇರುವುದು ಮೊನೊಂಗಹೇಲಾ ನದಿಯ ಉತ್ತರ ದಂಡೆಯ ಮೇಲೆ. ಚಪ್ಪಲಿ ಹಾಕಿಕೊಂಡು ಹೋಗಿದ್ದ ನನ್ನನ್ನು ಬಾಗಿಲಲ್ಲೇ ತಡೆದರು. ಪಾದ ಪೂರ್ತಿ ಮುಚ್ಚುವ ಬೂಟಿಲ್ಲದೆ ಒಳಗೆ ಬಿಡುವುದಿಲ್ಲ. ಕಾರಿನಲ್ಲಿದ್ದ ಅಳಿಯನ ಬೂಟಿನೊಳಗೆ ಕಾಲು ತೂರಿಸಿ, ತಲೆಗೆ ಹೆಲ್ಮೆಟ್ ಇಟ್ಟು ಹೊರಟೆ. ಈಗ ಉಳಿದಿರುವುದು 6 ಮತ್ತು 7ನೆಯ ಕುಲುಮೆಗಳು ಮಾತ್ರ. 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಇವು 92 ಅಡಿ ಎತ್ತರದವು. ತುಕ್ಕು ಹಿಡಿದು, ಮಳೆಗೆ ನೆನೆದು, ಸಂಪಿಗೆಯ ಒಣಗಿದ ಎಸಳಿನ ಬಣ್ಣಕ್ಕೆ ತಿರುಗಿವೆ. ಮಿನ್ನೆಸೋಟದ ಅದಿರು ಮಹಾಸರೋವರಗಳ ಮೇಲೆ ಹಡಗಿನಲ್ಲಿ ಬಂದು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ ತಲುಪುತ್ತಿತ್ತು. ಕುಲುಮೆಯ ಉರುವಲಾದ ಕೋಕ್, ಅಂದರೆ ಕಲ್ಲಿದ್ದಲನ್ನು ಬೇಯಿಸಿ ಮಾಡಿದ ಇದ್ದಿಲು, ಬರುತ್ತಿದ್ದುದು ದಕ್ಷಿಣದ ಕನೆಲ್ಸ್‌ವಿಲ್ ಕಡೆಯಿಂದ. ಹೆನ್ರಿ ಕ್ಲೇ ಫ್ರಿಕ್ ಶ್ರೀಮಂತನಾದದ್ದು ಆ ಕೋಕಿನಿಂದಲೇ.

ನಾನು ಹೆಚ್ಚು ಹೊತ್ತು ನಿಂತದ್ದು ಕುಲುಮೆಯ ಬುಡದಲ್ಲಿ, ಕಬ್ಬಿಣ ಹೊರಬೀಳುವ ಅಂಗಳದಲ್ಲಿ. ನೆಲದಲ್ಲಿ ಗದ್ದೆಯ ಕಾಲುವೆಗಳಂತೆ ತೋಡಿದ ದಾರಿಗಳು: ಒಂದು ಕರಗಿದ ಕಬ್ಬಿಣಕ್ಕೆ, ಇನ್ನೊಂದು ಅದರ ಮೇಲೆ ತೇಲಿಬರುವ ಕಿಟ್ಟಕ್ಕೆ. ಕಬ್ಬಿಣ ಹರಿದು ಮುಗಿದ ಮೇಲೆ ಆ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಬೇಕು. ಮುಂದಿನ ಸಲ ಮತ್ತೆ ಕೊರೆದು ತೆರೆಯಬೇಕು. ಗೈಡ್ ಹಿಂದೆ ಇದೇ ಕಣಿವೆಯ ಇನ್ನೊಂದು ಕಾರ್ಖಾನೆಯಲ್ಲಿ ದುಡಿದವರು. ಕಾಲುವೆಯ ಒಳಮೈಗೆ ಬಳಿದ ಮಣ್ಣು ಒಂದಿಷ್ಟು ಹಸಿಯಾಗಿದ್ದರೂ ಸಾಕು, ಕಬ್ಬಿಣ ಸಿಡಿಯುತ್ತದೆ ಎಂದು ಅವರು ಹೇಳಿದಾಗ ನನಗೆ ನೆನಪಾದದ್ದು ನನ್ನ ತಂದೆಯ ಮುಂಗೈ. ಅಲ್ಲಿ ಅವರೆಕಾಳಿನಷ್ಟು ದೊಡ್ಡ ಮೂರು ಬಿಳಿಯ ಕಲೆಗಳಿದ್ದವು.

ಇಲ್ಲಿ ಕರಗಿದ ಕಬ್ಬಿಣ ಆರುವ ಮೊದಲೇ ಸೇತುವೆ ದಾಟಿ ಎದುರು ದಂಡೆಯ ಹೋಮ್‌ಸ್ಟೆಡ್ ಕಾರ್ಖಾನೆಗೆ ಹೋಗಿ ಉಕ್ಕಾಗುತ್ತಿತ್ತು. ನಾವೂ ಹೊಳೆ ದಾಟಿದೆವು. 1986ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಜಾಗದಲ್ಲಿ ಈಗ ಅಂಗಡಿಗಳು, ಹೋಟೆಲುಗಳು, ಸಿನಿಮಾ ಮಂದಿರ. ನಡುವೆ ಹನ್ನೆರಡು ಇಟ್ಟಿಗೆಯ ಚಿಮಣಿಗಳು ಸಾಲಾಗಿ ನಿಂತಿವೆ. ನೀರಿನ ಅಂಚಿನಲ್ಲಿರುವ ಸಣ್ಣ ಪಂಪ್‌ಹೌಸ್ ಹುಡುಕಲು ಮಾತ್ರ ಸ್ವಲ್ಪ ತಿರುಗಾಡಬೇಕಾಯಿತು.

1892ರ ಜುಲೈ 6ರ ಬೆಳಗಿನ ಜಾವ ಇದೇ ದಂಡೆಗೆ ಎರಡು ದೋಣಿಗಳು ಬಂದವು. ಅವುಗಳಲ್ಲಿದ್ದವರು ಪಿಂಕರ್ಟನ್ ಸಂಸ್ಥೆಯ ಸುಮಾರು 300 ಬಾಡಿಗೆ ಕಾವಲುಗಾರರು. ಕೂಲಿ ಕಡಿತವನ್ನು ಒಪ್ಪದ ಕಾರ್ಮಿಕ ಸಂಘವನ್ನು ಮುರಿಯಲು ಹೊರಟಿದ್ದ ಫ್ರಿಕ್ (ಆಗ ಕಾರ್ಖಾನೆಯ ಆಡಳಿತ ಅವನ ಕೈಯಲ್ಲಿತ್ತು), ಕಾರ್ಖಾನೆಯ ಸುತ್ತ ಎತ್ತರದ ಬೇಲಿ ಕಟ್ಟಿಸಿ, ಮೇಲೆ ಮುಳ್ಳುತಂತಿ ಹೊದಿಸಿ ಬಾಗಿಲು ಹಾಕಿದ್ದ. ಜನ ಅದನ್ನು ‘ಫ್ರಿಕ್ ಕೋಟೆ’ ಎಂದೇ ಕರೆದರು. ಒಡೆಯ ಆಂಡ್ರ್ಯೂ ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ. ದಿನವಿಡೀ ನಡೆದ ಕಾದಾಟದಲ್ಲಿ ಎರಡೂ ಕಡೆಯವರು ಸತ್ತರು, ಕಾವಲುಗಾರರು ಶರಣಾದರು. ಅಂದಿನ ಗೆಲುವು ಕಾರ್ಮಿಕರದು. ಆದರೆ ವಾರದೊಳಗೆ ಗವರ್ನರ್ ಕಳುಹಿಸಿದ ಸಾವಿರಾರು ಸೈನಿಕರು ಊರಿಗೆ ಬಂದಿಳಿದರು, ನವೆಂಬರಿನಲ್ಲಿ ಮುಷ್ಕರ ಮುರಿದುಬಿತ್ತು. ಇಲ್ಲಿ ಕಾರ್ಮಿಕ ಸಂಘ ಮತ್ತೆ ಮಾನ್ಯತೆ ಪಡೆಯಲು 1937ರವರೆಗೆ ಕಾಯಬೇಕಾಯಿತು.

ಪಂಪ್‌ಹೌಸಿನಿಂದ ಗುಡ್ಡ ಹತ್ತಿದರೆ ಕಾರ್ನೆಗಿ ಕಟ್ಟಿಸಿಕೊಟ್ಟ ಗ್ರಂಥಾಲಯ ಸಿಗುತ್ತದೆ. ಮುಷ್ಕರ ಸೋತ ಆರು ವರ್ಷಕ್ಕೆ, 1898ರಲ್ಲಿ ತೆರೆದ ಈ ಭವ್ಯ ಕಟ್ಟಡದಲ್ಲಿ ಪುಸ್ತಕಗಳಷ್ಟೇ ಅಲ್ಲ, ಸಂಗೀತ ಸಭಾಂಗಣವಿದೆ, ಈಜುಕೊಳವಿದೆ. ಓದುವ ಕೋಣೆಯ ತಣ್ಣನೆಯ ಮೇಜಿನ ಮೇಲೆ ಕೈಯಿಟ್ಟು ಕುಳಿತಾಗ ನನಗೆ ನಿಜಕ್ಕೂ ಸಂತೋಷವಾಯಿತು. ಜೊತೆಗೇ ಒಂದು ಕಿರಿಕಿರಿಯೂ. ಆಗಿನ ಪಾಳಿ ಹನ್ನೆರಡು ಗಂಟೆಯದು. ಹಗಲು ಪಾಳಿ ರಾತ್ರಿ ಪಾಳಿಗೆ ಬದಲಾಗಲು, ಎರಡು ವಾರಕ್ಕೊಮ್ಮೆ ಸತತ ಇಪ್ಪತ್ನಾಲ್ಕು ಗಂಟೆ ದುಡಿಯಬೇಕಿತ್ತು. ಹಾಗೆ ದುಡಿದು ಬಂದವನು ಈ ಮೇಜಿಗೆ ಯಾವಾಗ ಬರಬೇಕಿತ್ತು?

ಗಂಟೆಯನ್ನೂ ಸಾವನ್ನೂ ಲೆಕ್ಕ ಹಿಡಿಯುವ ಕೆಲಸವನ್ನು ಧಣಿಗಳೂ ಸರಿಯಾಗಿ ಮಾಡಲಿಲ್ಲ, ಸರ್ಕಾರವೂ ಸರಿಯಾಗಿ ಮಾಡಲಿಲ್ಲ. 1907ರಲ್ಲಿ ಆರಂಭವಾದ ಪಿಟ್ಸ್‌ಬರ್ಗ್ ಸಮೀಕ್ಷೆಯ ಸಮಾಜಸುಧಾರಕರು ಅದನ್ನು ಮಾಡಿದರು. ಅವರಲ್ಲಿ ಒಬ್ಬಳಾದ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಯುವ ವಕೀಲೆ, ಈ ಒಂದೇ ಕೌಂಟಿಯಲ್ಲಿ ಒಂದು ವರ್ಷದೊಳಗೆ ಕೆಲಸದ ಅಪಘಾತಗಳಿಂದ ಸತ್ತ 526 ಜನರ ವಿವರ ಕಲೆಹಾಕಿದಳು. ಅವರಲ್ಲಿ 195 ಮಂದಿ ಉಕ್ಕಿನ ಕಾರ್ಮಿಕರು. ಮದುವೆಯಾಗಿ ಸಂಸಾರವಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಧಣಿಗಳಿಂದ ಬಂದದ್ದು 100 ಡಾಲರ್ ಅಥವಾ ಅದಕ್ಕೂ ಕಡಿಮೆ. ತಪ್ಪು ಸದಾ ಸತ್ತವನದೇ ಎಂಬ ವಾದ ಆ ಪಟ್ಟಿಯ ಮುಂದೆ ನಿಲ್ಲಲಿಲ್ಲ. ಪೆನ್ಸಿಲ್ವೇನಿಯಾ 1915ರಲ್ಲಿ ಕಾರ್ಮಿಕರ ಪರಿಹಾರದ ಕಾನೂನು ಮಾಡಿತು. ಹನ್ನೆರಡು ಗಂಟೆಯ ಪಾಳಿ ಕೈಬಿಡಲು ಉಕ್ಕಿನ ಕಂಪನಿಗಳು ಒಪ್ಪಿದ್ದು 1923ರಲ್ಲಿ. ನಮ್ಮ ಭದ್ರಾವತಿಯ ಕುಲುಮೆಗೆ ಮೊದಲ ಬೆಂಕಿ ಬಿದ್ದದ್ದೂ ಅದೇ ವರ್ಷ. ಮಲೆನಾಡಿನ ಇದ್ದಿಲಿನಿಂದ ಉರಿದ ಆ ಕುಲುಮೆಯ ಯೋಜನೆಗೆ ಸಲಹೆ ಕೊಟ್ಟವನು ನ್ಯೂಯಾರ್ಕಿನ ಎಂಜಿನಿಯರ್ ಸಿ.ಪಿ. ಪೆರಿನ್.

ಸಂಜೆ ಬ್ರ್ಯಾಡಕ್ ಮೂಲಕ ಹಿಂತಿರುಗಿದೆವು. 1875ರಿಂದ ರೈಲು ಹಳಿಗಳನ್ನು ಮಾಡಿ ಪಶ್ಚಿಮದ ಬಯಲುಗಳಿಗೆ ಕಳುಹಿಸಿದ ಎಡ್ಗರ್ ಥಾಮ್ಸನ್ ಕಾರ್ಖಾನೆ ಅಲ್ಲಿ ಇನ್ನೂ ಉರಿಯುತ್ತಿದೆ. ಕಿಟಕಿಯ ಗಾಜು ಇಳಿಸಿದೆ. ಗಂಧಕದ ಆ ಘಾಟು ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು. ಗೇಟಿನ ಬಳಿ ಪಾಳಿ ಮುಗಿಸಿ ಬರುತ್ತಿದ್ದವನೊಬ್ಬ ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಇನ್ನೊಂದರಿಂದ ಹೆಲ್ಮೆಟ್ ತೆಗೆದು, ಬೆವರಿಗೆ ಅಂಟಿಕೊಂಡಿದ್ದ ಕೂದಲನ್ನು ಮೇಲಕ್ಕೆ ಸರಿಸಿಕೊಂಡ.