ಮಗಳಿಗೆ ಯಾವ ಸಿನಿಮಾ ತೋರಿಸಲಿ?

ನಾನು ಮಕ್ಕಳ ಸಿನಿಮಾಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಮಗಳು ಗಟ್ಟಿಗಿತ್ತಿ ಆಗಬೇಕು, ಯಾವ ಸಿನಿಮಾ ತೋರಿಸಲಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಅಪ್ಪ ತನ್ನ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಹಿಂದಿ ಸಿನಿಮಾ 'ದಂಗಲ್' ತೋರಿಸಿ. ಆಯ್ತಲ್ಲ?

ಈಗ ನೀವು ಹೇಳಿ. ಈ ಪ್ರಶ್ನೆಯಲ್ಲಿ ನಿಮ್ಮ ಮಗ ಯಾಕೆ ಇಲ್ಲ?

ಒಂದು ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದೆವು. ಪರಿಚಯದವರೊಬ್ಬರು ಇದನ್ನೇ ಕೇಳಿದರು. ಅವರ ಮಗಳೂ ಮಗನೂ ಪಕ್ಕದಲ್ಲೇ ಇದ್ದರು. "ಇವನಿಗೆ ಬೇಡ್ವಾ?" ಅಂದೆ. "ಅವನು ಗಂಡು ಹುಡುಗ, ಏನಾದ್ರೂ ನೋಡ್ಕೊಳ್ತಾನೆ ಬಿಡಿ" ಅಂತ ನಕ್ಕರು. ಅಷ್ಟರಲ್ಲಿ ಎಲೆ ಹಾಕಿದರು. ಅವರು ಹೋಗಿ ಕೂತು, ಹೆಂಡತಿಗೆ ಕೂಗಿ ಹೇಳಿದರು: "ನೀನು ಮಕ್ಕಳಿಗೆ ತಿನ್ನಿಸಿ ಆಮೇಲೆ ಕೂತ್ಕೋ." ಹುಡುಗ ಅಪ್ಪನ ಮುಖವನ್ನೇ ನೋಡುತ್ತಿದ್ದ. ಆ ಪಾಠಕ್ಕೆ ಯಾವ ಸಿನಿಮಾವೂ ಬೇಕಿರಲಿಲ್ಲ. ನನಗೆ ಊಟ ರುಚಿಸಲಿಲ್ಲ.

ಇದನ್ನು ಸರಿಯಾಗಿ ಹಿಡಿದ ಸಿನಿಮಾ 2012ರ 'ಇಂಗ್ಲಿಷ್ ವಿಂಗ್ಲಿಷ್'. ಶ್ರೀದೇವಿಯ ಶಶಿ ಲಾಡು ಮಾಡಿ ಮಾರುವವಳು, ಇಂಗ್ಲಿಷ್ ಬಾರದವಳು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಒಂದು ಇಂಗ್ಲಿಷ್ ಪದ ತಪ್ಪಾಗಿ ಹೇಳುತ್ತಾಳೆ. ಗಂಡ ನಗುತ್ತಾನೆ, ಮಗಳೂ ನಗುತ್ತಾಳೆ. ಅಮ್ಮನನ್ನು ಸ್ಕೂಲಿಗೆ ಕರೆದುಕೊಂಡು ಹೋಗಲು ಆ ಹುಡುಗಿಗೆ ನಾಚಿಕೆ. ಅಮ್ಮನನ್ನು ಹಗುರವಾಗಿ ನೋಡಬಹುದು ಅಂತ ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಅಪ್ಪನನ್ನು ನೋಡಿ ಕಲಿತಳು. ನಿರ್ದೇಶಕಿ ಗೌರಿ ಶಿಂಧೆ ಈ ಅಪ್ಪನನ್ನು ಖಳನಾಯಕ ಮಾಡಿಲ್ಲ. ಅವನು ಕುಡಿದು ಬಂದು ಹೊಡೆಯುವವನಲ್ಲ, ಮನೆ ಮನೆಯಲ್ಲೂ ಸಿಗುವ ಸಾಮಾನ್ಯ ಗಂಡ. ಅದಕ್ಕೇ ಆ ಮನೆ ನೋಡಿದಾಗ ಎದೆಗೆ ಚುಚ್ಚುತ್ತದೆ.

'ದಂಗಲ್'ನಲ್ಲೂ (2016) ಜನ ಹುಡುಗಿಯರನ್ನು ಮಾತ್ರ ನೋಡುತ್ತಾರೆ. ನನಗೆ ಅವರ ಚಿಕ್ಕಪ್ಪನ ಮಗ ಓಂಕಾರ್ ಕೂಡ ಇಷ್ಟ. ಆ ಹುಡುಗಿಯರ ಎದುರು ಕುಸ್ತಿಗೆ ನಿಲ್ಲುತ್ತಾನೆ, ಅವರ ಕೈಲಿ ಸೋಲುತ್ತಾನೆ, ಅವರಿಗಾಗಿ ಅಡುಗೆಗೂ ನಿಲ್ಲುತ್ತಾನೆ. ಅಲ್ಲೂ ಒಂದು ಕೊರತೆ ಇದೆ. ಹೆಣ್ಣುಮಕ್ಕಳು ಮನೆಗೆಲಸದಿಂದ ಬಿಡುಗಡೆ ಪಡೆದರೂ ಆ ಕೆಲಸವೆಲ್ಲ ಅಮ್ಮನಿಗೇ ಉಳಿಯಿತು. ಮಗಳನ್ನು ಮಾತ್ರ ಬದಲಾಯಿಸಲು ಹೊರಟರೆ ಆಗುವುದು ಇಷ್ಟೇ.

"ಮಗ ನನ್ನನ್ನು ನೋಡಿ ಏನು ಕಲೀತಿದ್ದಾನೆ?" ಅಂತ ಒಬ್ಬ ಅಪ್ಪನಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಅವರಿಗೆ 2018ರ ಇಂಗ್ಲಿಷ್ ಕಾರ್ಟೂನ್ ಸಿನಿಮಾ 'ಇನ್‌ಕ್ರೆಡಿಬಲ್ಸ್ 2' ಹೇಳುತ್ತೇನೆ. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಗಂಡ ಬಾಬ್ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಗಂಡಸರು ಮನೆಯಲ್ಲಿ ಪೇಚಾಡುವ ಹಳೇ ತಮಾಷೆ ಇದೆ, ನಿಜ. ಆದರೆ ಮಗನ ಹೊಸ ಕ್ರಮದ ಲೆಕ್ಕ ಅವನಿಗೆ ತಲೆಗೆ ಹತ್ತುವುದಿಲ್ಲ. ರಾತ್ರಿ ನಿದ್ದೆ ಬಿಟ್ಟು ಅದನ್ನು ತಾನೇ ಕಲಿತು, ಪರೀಕ್ಷೆಗೆ ಮುಂಚೆ ಮಗನನ್ನು ಎಬ್ಬಿಸಿ ಹೇಳಿಕೊಡುತ್ತಾನೆ. ದೊಡ್ಡ ಮಗಳ ಹತ್ತಿರ ಕ್ಷಮೆಯನ್ನೂ ಕೇಳುತ್ತಾನೆ.

ಮಗನನ್ನು ಮುಂದೆ ಕೂರಿಸಿ ನೀವು ಮೊಬೈಲ್ ಹಿಡಿದು ಎದ್ದು ಹೋಗಬೇಡಿ. ಕೊನೇವರೆಗೂ ಜೊತೆಗೆ ಕೂತು ನೋಡಿ. ಅಷ್ಟು ಹೊತ್ತು ಹೆಂಡತಿಗೆ ಕಾಫಿ ಕೇಳಬೇಡಿ.